ಉರಿಯದ ಗುಳ್ಳೆಗಳು

ಗುಳ್ಳೆ ಹೆಸರುಕಾಳಿನಷ್ಟಿತ್ತು. ರೋಗಿಯೊಬ್ಬರ ಎಡಗೈಯ ಮೇಲ್ಭಾಗದಲ್ಲಿ, ತೋರುಬೆರಳು ಶುರುವಾಗುವ ಗೆಣ್ಣಿನಿಂದ ಒಂದು ಬೆರಳಗಲ ಹಿಂದೆ. ಒಳಗಿದ್ದದ್ದು ನೀರಲ್ಲ. ಮಾಗಿದ ನೇರಳೆಹಣ್ಣಿನ ಸಿಪ್ಪೆಯ ಬಣ್ಣದ ಏನೋ ಇತ್ತು. ಒತ್ತಿದರೆ ಬಣ್ಣ ಬದಲಾಗಲಿಲ್ಲ. ಪಕ್ಕದಲ್ಲಿ ಸ್ವಲ್ಪ ಚಿಕ್ಕದಾದ ಇನ್ನೊಂದಿತ್ತು.

ಕಳೆದ ತಿಂಗಳು ಊರಿಗೆ ಹೋಗುವಾಗ ಕೋಟೇಶ್ವರದ ಹತ್ತಿರ ಬಸ್ಸು ಹೆದ್ದಾರಿಯಲ್ಲಿ ಹತ್ತು ನಿಮಿಷ ನಿಂತಿತು. ಕಿಟಕಿಯಿಂದ ಗೇರುಬೀಜ ಹುರಿಯುವ ಹೊಗೆ ಬಂತು. ಗಂಟಲ ಹಿಂಭಾಗಕ್ಕೆ ಅಂಟಿಕೊಳ್ಳುವ, ಎಣ್ಣೆಯ ಪಸೆಯ ಹೊಗೆ. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು. ನನಗೆ ಅದು ಬಾಲ್ಯದ ವಾಸನೆಯಾಗಬೇಕಿತ್ತು, ಏಕೆಂದರೆ ಅಮ್ಮನ ಸೀರೆ ಇಪ್ಪತ್ತೆರಡು ವರ್ಷ ಹಾಗೇ ನಾರಿದೆ. ಆದರೆ ನೆನಪಾದದ್ದು ಅಮ್ಮನಲ್ಲ. ನೆನಪಾದದ್ದು ಆ ಗುಳ್ಳೆ, ಅದರ ಜೊತೆಗೆ ಕುಂದಾಪುರದಲ್ಲಿ ಕಳೆದ ಒಂದು ಮಳೆಗಾಲ.

ಬ್ರಹ್ಮಾವರ, ಬೈಂದೂರು ಆಗಿನ್ನೂ ಬೇರೆ ತಾಲೂಕುಗಳಾಗಿರಲಿಲ್ಲ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿ ಒಂದು ವರ್ಷ ತುಂಬಿತ್ತು. ತೀವ್ರ ನಿಗಾ ಘಟಕವೆಂದರೆ ಮೊದಲ ಮಹಡಿಯ ಒಂದು ಉದ್ದ ಕೋಣೆ, ನಾಲ್ಕು ಹಾಸಿಗೆ. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಸಮವಸ್ತ್ರಗಳನ್ನು ಜನರೇಟರ್ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು, ಬೆಳಿಗ್ಗೆ ಹಾಕಿಕೊಂಡಾಗ ಡೀಸೆಲ್ ವಾಸನೆ ಬರುತ್ತಿತ್ತು. ಗಾಳಿ ಪಡುವಣದಿಂದ ಬೀಸಿದರೆ ಮುಚ್ಚಿದ ಕಿಟಕಿಯ ಸಂದಿನಿಂದ ನೀರು ಒಳಬಂದು ಎರಡನೆಯ ಹಾಸಿಗೆಯ ಕಾಲಿನವರೆಗೆ ಹರಿಯುತ್ತಿತ್ತು.

ಆ ಎರಡನೆಯ ಹಾಸಿಗೆಗೆ ಜಲಜಕ್ಕ ಬಂದರು.

ನಲವತ್ತಾರು ವರ್ಷದ ಹೆಂಗಸು, ಬೈಂದೂರಿನ ಈಚೆಯವರು. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಒಡೆಯುವ ಕೆಲಸ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಪ್ರೇಮ ಹೊಲಿಗೆ ಕೆಲಸ ಮಾಡುತ್ತಿದ್ದಳು, ನನ್ನದೇ ವಯಸ್ಸು. ನಮ್ಮಲ್ಲೇ ಗರ್ಭಕೋಶದ ಆಪರೇಷನ್ ಆಗಿ ಐದನೆಯ ದಿನ ಜಲಜಕ್ಕನಿಗೆ ಒಮ್ಮೆಲೇ ಉಸಿರು ಕಟ್ಟಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೆ ಹೆಪಾರಿನ್ ಎಂಬ ಇಂಜೆಕ್ಷನ್ ಕೊಡುತ್ತಾರೆ, ರಕ್ತ ಮತ್ತೆ ಹೆಪ್ಪುಗಟ್ಟದಂತೆ ತೆಳುವಾಗಿಡಲು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಸಾಮಾನ್ಯವಾಗಿ ಹೊಟ್ಟೆಯ ಚರ್ಮದಡಿಗೆ ಚುಚ್ಚುತ್ತೇವೆ. ಜಲಜಕ್ಕನ ಹೊಟ್ಟೆಯಲ್ಲಿ ಹೊಲಿಗೆ ಇದ್ದದ್ದರಿಂದ ತೋಳಿನ ಹಿಂಭಾಗಕ್ಕೆ, ಒಮ್ಮೆ ಎಡ, ಒಮ್ಮೆ ಬಲ.

"ಸಿಸ್ಟರೇ, ಇವತ್ತ್ ಯಾವ್ ಕೈದ್ ಪಾಳಿ?" ಎಂದು ಮೂರನೆಯ ದಿನದಿಂದಲೇ ಕೇಳುತ್ತಿದ್ದರು. ಆಮ್ಲಜನಕದ ಮಾಸ್ಕಿನ ಒಳಗಿಂದ ದನಿ ಡಬ್ಬಿಯಿಂದ ಬಂದಂತೆ ಬರುತ್ತಿತ್ತು.

"ಎಡಗೈ. ಸ್ವಲ್ಪ ಚುರುಕ್ ಎನ್ನುತ್ತದೆ, ಅಷ್ಟೇ."

"ಎನ್ನುತ್ತದೆ!" ಅವರು ಮಗಳ ಕಡೆ ತಿರುಗಿದರು. "ಕೇಂಡ್ಯಾ ಪ್ರೇಮ? ಇವ್ರ್ ಇಂಜೆಕ್ಷನ್ ಕೊಡುದಲ್ಲ, ಪಾಠ ಮಾಡುದ್. ನೀವ್ ಎಲ್ಲಿಯವ್ರ್ ಸಿಸ್ಟರೇ, ಮೈಸೂರಾ?"

"ಕೋಟೇಶ್ವರ."

"ಕೋಟೇಶ್ವರದವ್ರ್ ಹೀಂಗ್ ಮಾತಾಡ್ತ್ರಾ? ದೇವ್ರೇ, ನಾನ್ ಮನಿಕಂಡಲ್ಲೇ ಲೋಕ ಬದ್ಲಾಯ್ತಲೆ."

ಪ್ರೇಮ ನಕ್ಕಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಆಸ್ಪತ್ರೆಯಲ್ಲಿ ನಾನು ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ. ಯಾರೂ ಆಡಬೇಕೆಂದು ಹೇಳಿರಲಿಲ್ಲ. ಅಮ್ಮ ಏನು ಮಾಡುತ್ತಾರೆ ಎಂದು ಜೊತೆಯವರು ಕೇಳಿದರೆ "ಮನೆಯಲ್ಲೇ ಇರುತ್ತಾರೆ" ಎನ್ನುತ್ತಿದ್ದೆ. ಅಮ್ಮ ಆ ಹೊತ್ತಿಗೆ ಕಾರ್ಖಾನೆಯ ಗಿಡ್ಡ ಮಣೆಯ ಮೇಲೆ ಕೂತು, ಕಾಲಲ್ಲಿ ಒತ್ತಿ ಕೈಯಲ್ಲಿ ಎಳೆಯುವ ಯಂತ್ರದಲ್ಲಿ ಬೀಜ ಒಡೆಯುತ್ತಿರುತ್ತಿದ್ದರು. ನನ್ನ ಡಿಗ್ರಿ ಬಂದದ್ದು ಅಲ್ಲಿಂದ. ಇದು ಯಾರಿಗೂ ಬೇಡದ ವಿಷಯ ಎಂದುಕೊಂಡಿದ್ದೆ.

ಜಲಜಕ್ಕನನ್ನು ಘಟಕಕ್ಕೆ ತಂದ ದಿನ ತಲೆಯಿಂದ ಕಾಲಿನವರೆಗೆ ನೋಡಿ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಅವರ ಕೈ ಹಿಡಿದ ಕೂಡಲೇ ಗೊತ್ತಾಯಿತು. ಗೇರುಬೀಜದ ಸಿಪ್ಪೆಯಲ್ಲಿ ಸೊನೆ ಇರುತ್ತದೆ, ತಾಗಿದಲ್ಲೆಲ್ಲ ಸುಡುತ್ತದೆ. ಹೆಂಗಸರು ಬೂದಿಯನ್ನೋ ಹರಳೆಣ್ಣೆಯನ್ನೋ ಹಚ್ಚಿಕೊಂಡು ಕೂರುತ್ತಾರೆ, ಆದರೂ ತಾಗುತ್ತದೆ. ಬೆರಳು, ಅಂಗೈ, ಮುಂಗೈ ಎಲ್ಲ ಕಪ್ಪು. ಅಲ್ಲಲ್ಲಿ ಗುಳ್ಳೆ ಎದ್ದು ಒಡೆದು ಸುಲಿದ ಗುರುತು. ಆಮ್ಲಜನಕದ ಪ್ರಮಾಣ ನೋಡುವ ಕ್ಲಿಪ್ಪನ್ನು ಬೆರಳಿಗೆ ಹಾಕಿದರೆ ಆ ಕಪ್ಪಿನ ಮೂಲಕ ಅದು ಸರಿಯಾಗಿ ಓದುತ್ತಿರಲಿಲ್ಲ. ಕಿವಿಯ ಹಾಲೆಗೆ ಸಿಕ್ಕಿಸಿದೆವು. ಬೇರೆ ಸಿಸ್ಟರುಗಳು ಆ ಕೈ ನೋಡಿ "ಇದೆಂಥ ಚರ್ಮರೋಗ?" ಎಂದರು. ನಾನು "ರೋಗವಲ್ಲ" ಎಂದು ಹೇಳಿ, ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಎರಡೂ ಕೈಗಳಲ್ಲಿ ವೃತ್ತಿಯಿಂದ ಬಂದ ಹಳೆಯ ಕಪ್ಪು ಕಲೆಗಳು, ಒಣಗಿದ ಗುಳ್ಳೆಗಳು. ಸರಿಯಾಗಿಯೇ ಬರೆದಿದ್ದೆ. ಒಂದಷ್ಟು ಹೆಮ್ಮೆಯೂ ಇತ್ತು.

ಘಟಕಕ್ಕೆ ಬಂದ ಆರನೆಯ ದಿನ ಬೆಳಿಗ್ಗೆ ಮೈ ಒರೆಸುವಾಗ ಆ ಹೆಸರುಕಾಳಿನಷ್ಟು ಗುಳ್ಳೆ ನೋಡಿದೆ. ಮೊದಲು ಇತ್ತೇ? ಇರಲಿಲ್ಲವೆಂದು ಕೈಗೆ ಗೊತ್ತಿತ್ತು, ದಿನಾ ಒರೆಸುವ ಕೈ.

"ಜಲಜಕ್ಕ, ಇದು ಹೊಸತೇ?"

"ಯಾವ್ದ್? ಅದಾ? ಸೊನಿ ಅದ್. ನಮ್ಗೆ ಅದೆಲ್ಲ ಲೆಕ್ಕ ಇಲ್ಲೆ."

"ಉರಿಯುತ್ತದೆಯೇ?"

"ಎಂತ ಉರಿಯೂ ಇಲ್ಲೆ. ನೋವೂ ಇಲ್ಲೆ. ನೀವ್ ಚುಚ್ಚಿದ್ದೇ ಅದಕ್ಕಿಂತ ನೋಯ್ತ್."

ನಾನು ಶೀಟಿನಲ್ಲಿ "ಕೈಯ ಕಲೆಗಳು ಮೊದಲಿನಂತೆ" ಎಂದು ಬರೆದೆ. ಆ ಸಾಲು ಬರೆಯಲು ನನಗೆ ಐದು ಸೆಕೆಂಡೂ ಬೇಕಾಗಲಿಲ್ಲ. ಎರಡು ಗಂಟೆಗೆ ಪಾಳಿ ಮುಗಿಯುವ ಮುಂಚೆ ಬಲತೋಳಿಗೆ ಇಂಜೆಕ್ಷನ್ ಕೊಟ್ಟು ಮನೆಗೆ ಹೋದೆ.

ಮರುದಿನ ಐದಾರು ಗುಳ್ಳೆಗಳಾಗಿದ್ದವು, ಎಡ ಮುಂಗೈಯ ಮೇಲೂ. ರೌಂಡ್ಸಿಗೆ ಬಂದ ನಮ್ಮ ಡಾಕ್ಟರು ಅವನ್ನು ನೋಡಿ ನಿಂತರು. ಘಟ್ಟದ ಮೇಲಿನವರು, ನಮ್ಮ ಕಡೆಗೆ ಬಂದು ಎರಡು ವರ್ಷವಾಗಿತ್ತು. ಗಡಿಬಿಡಿಯ ಮನುಷ್ಯನಲ್ಲ. ರೋಗಿಯ ಹಾಸಿಗೆಯ ಅಂಚಿನಲ್ಲಿ ಕೂತು ಮಾತಾಡುವವರು.

"ಇದೇನು ಸಿಸ್ಟರ್?"

"ಗೇರುಬೀಜದ ಸೊನೆ ಸರ್. ಕಾರ್ಖಾನೆಯಲ್ಲಿ ಕೆಲಸ ಮಾಡುವವರು."

ಅವರು ಶೀಟಿನ ಮೊದಲ ಪುಟ ತಿರುಗಿಸಿ ನನ್ನ ಸಾಲು ಓದಿದರು. ಮತ್ತೆ ಕೈ ನೋಡಿದರು. "ಖಂಡಿತವಾ?"

"ಖಂಡಿತಾ ಸರ್. ನಮ್ಮ ಕಡೆ ಈ ಕೆಲಸಕ್ಕೆ ಹೋಗುವ ಎಲ್ಲ ಹೆಂಗಸರ ಕೈಯೂ ಹೀಗೇ ಇರುತ್ತದೆ."

"ನನಗೆ ಇದೆಲ್ಲ ಗೊತ್ತಿಲ್ಲ ನೋಡಿ," ಎಂದು ಜಲಜಕ್ಕನಿಗೆ ಹೇಳಿದರು. "ನಾವು ಗೋಡಂಬಿ ತಿನ್ನೋದು ಮಾತ್ರ ಕಲಿತವರು."

"ತಿನ್ನಿ ಡಾಕ್ಟ್ರೇ, ತಿಂಬವ್ರ್ ಇದ್ರೆ ಅಲ್ದಾ ನಮ್ಗೆ ಕೆಲ್ಸ," ಎಂದರು ಜಲಜಕ್ಕ. ಆ ದಿನ ಅವರ ಉಸಿರು ಚೆನ್ನಾಗಿತ್ತು. ಮಾಸ್ಕ್ ತೆಗೆದು ಮೂಗಿನ ನಳಿಕೆ ಹಾಕಿದ್ದೆವು. ಇನ್ನು ಎರಡು ದಿನದಲ್ಲಿ ವಾರ್ಡಿಗೆ ಕಳಿಸೋಣ ಎಂದು ಡಾಕ್ಟರು ಹೇಳಿಹೋದರು. ಪ್ರೇಮ ಕಾರಿಡಾರಿಗೆ ಓಡಿ, ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ ಸೋದರಮಾವನಿಗೆ ಫೋನ್ ಮಾಡಿ ಹೇಳಿದಳು.

ಆ ಸಂಜೆ ಮನೆಯಲ್ಲಿ ಅಮ್ಮ ಬಚ್ಚಲಿನ ಕಲ್ಲಿನ ಮೇಲೆ ಕೂತು ಕೈಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಎಂತ ಹೆಣೆ, ಹಾಂಗ್ ಕಾಣ್ತೆ? ಈ ಕೈ ಇವತ್ತ್ ಕಂಡದ್ದಾ?"

"ಆಸ್ಪತ್ರಿಯಂಗೆ ಒಬ್ರ್ ಇದ್ರ್ ಅಮ್ಮ. ನಿನ್ನ ಹಾಂಗೇ ಕೈ. ಬೈಂದೂರ್ ಬದಿಯವ್ರ್. ಸೊನಿ ಗುಳ್ಳಿ ದಿನಾ ಹೆಚ್ಚಾತಾ ಇತ್ತ್."

"ದಿನಾ ಹೆಚ್ಚಾತಾ ಇತ್ತಾ? ಕೆಲ್ಸಕ್ಕೆ ಹೋಗ್ದೆ ಎಷ್ಟ್ ದಿನ ಆಯ್ತ್ ಅವ್ರ್?"

"ಆಸ್ಪತ್ರಿಗೆ ಸೇರಿ ಹನ್ನೆರ್ಡ್ ದಿನ."

ಅಮ್ಮ ತಿಕ್ಕುವುದನ್ನು ನಿಲ್ಲಿಸಿದರು. "ಹನ್ನೆರ್ಡ್ ದಿನ ಬೀಜ ಮುಟ್ಲಿಲ್ಲೆ, ಹೊಸ ಗುಳ್ಳಿ ಎಲ್ಲಿಂದ ಬತ್ತ್? ನಿಮ್ಮ ಆಸ್ಪತ್ರಿಯಂಗೆ ಮಂಚದಡಿಗೆ ಕಾರ್ಖಾನಿ ಹಾಕಿದ್ರಾ?" ಎಂದು ನಕ್ಕರು. ನನ್ನ ಮುಖ ನೋಡಿ ನಗು ಬಿಟ್ಟರು. "ಉರಿತ್ತ್ ಅಂತ್ರಾ ಅವ್ರ್?"

"ಇಲ್ಲೆ. ನೋವೇ ಇಲ್ಲೆ ಅಂತ್ರ್."

"ಹಂಗಾರೆ ಅದ್ ಸೊನಿ ಅಲ್ಲ. ಸೊನಿ ತಾಗ್ರೆ ನೋವಿಲ್ಲೆ ಅಂಬ್ಕೆ ಬಾಯಿ ಬತ್ತಿಲ್ಲೆ. ನಿಂಗ್ ಗೊತ್ತಿಲ್ಯಾ? ಸಣ್ಣದಿಪ್ಪೊತ್ತಿಗೆ ನನ್ನ ಕೈಗೆ ಊದ್ತಿದ್ದೆ ಅಲ್ದಾ ನೀನ್."

ಗೊತ್ತಿತ್ತು. ಗೊತ್ತಿದ್ದದ್ದನ್ನು ನಾನು ಬಳಸಿರಲಿಲ್ಲ. ಪುಸ್ತಕದಲ್ಲಿ ಓದಿದ ಒಂದೆರಡು ಸಾಲು ಆಗ ನೆನಪಾಯಿತು. ಹೆಪಾರಿನ್ ಶುರುಮಾಡಿ ಐದರಿಂದ ಹತ್ತು ದಿನದಲ್ಲಿ, ಬಹಳ ಅಪರೂಪಕ್ಕೆ, ಚರ್ಮದಲ್ಲಿ ಕಪ್ಪು ಗುಳ್ಳೆಗಳು, ಚುಚ್ಚಿದ ಜಾಗದಲ್ಲಿ ಚರ್ಮ ಸಾಯುವುದು. ಪರೀಕ್ಷೆಗೆ ಬರುವುದಿಲ್ಲವೆಂದು ಕಣ್ಣಾಡಿಸಿ ಬಿಟ್ಟಿದ್ದ ಭಾಗ ಅದು.

ಕೊಡೆ ತೆಗೆದುಕೊಂಡು ರಸ್ತೆಯ ಅಂಗಡಿಗೆ ಹೋದೆ. ಅಲ್ಲಿ ಫೋನಿತ್ತು. ಗಂಟೆ ಏಳೂ ಆಗಿರಲಿಲ್ಲ, ಮುಂದಿನ ಇಂಜೆಕ್ಷನ್ನಿಗೆ ಮೂರು ಗಂಟೆಗೂ ಹೆಚ್ಚು ಸಮಯವಿತ್ತು. ಅಂಗಡಿಯಲ್ಲಿ ನೆರೆಯ ಇಬ್ಬರು ಹೆಂಗಸರು ಮಳೆ ಬಿಡಲೆಂದು ನಿಂತಿದ್ದರು. ಅಂಗಡಿಯವರು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವವರು. ಡಾಕ್ಟರ ಮನೆಗೆ ಫೋನ್ ಮಾಡಿ ಏನು ಹೇಳುವುದು? ಬೆಳಿಗ್ಗೆ ಖಂಡಿತಾ ಎಂದಿದ್ದೆ, ಈಗ ಅಲ್ಲ ಎನ್ನುತ್ತೇನೆ. ಹೇಗೆ ಗೊತ್ತಾಯಿತು ಎಂದರೆ? ಬೀಜ ಒಡೆಯುವ ನನ್ನ ಅಮ್ಮ ಹೇಳಿದರು. ಒಂದು ವೇಳೆ ಅಮ್ಮನದ್ದೇ ತಪ್ಪಾದರೆ? ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮತ್ತೆ ಹೆಪ್ಪುಗಟ್ಟಿದರೆ? ಇವೆಲ್ಲ ಆಗ ನನಗೆ ಕಾರಣಗಳಂತೆ ಕಂಡವು. ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಹಿಂದಿರುಗಿದೆ. ಬೆಳಿಗ್ಗೆ ಎದುರಿಗೇ ಹೇಳಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಎಂಟಕ್ಕೆ ಘಟಕಕ್ಕೆ ಹೋದಾಗ ರಾತ್ರಿಯದ್ದೂ ಬೆಳಗಿನ ಆರು ಗಂಟೆಯದ್ದೂ ಕೊಟ್ಟಾಗಿತ್ತು. ನಾನು ಜಲಜಕ್ಕನ ಗೌನಿನ ತೋಳು ಮೇಲೆ ಸರಿಸಿದೆ. ಎಡತೋಳಿನ ಹಿಂಭಾಗದಲ್ಲಿ, ನಾವು ಚುಚ್ಚುತ್ತಿದ್ದ ಜಾಗದಲ್ಲಿ, ಅಂಗೈಯಗಲದ ಕೆಂಪು. ಅದರ ನಡುವೆ ಕಪ್ಪು. ಬೆರಳುಗಳಲ್ಲಿ ಯಾವುದು ಹಳೆಯ ಕಪ್ಪು, ಯಾವುದು ಹೊಸದು ಎಂದು ಉಗುರಿನಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಉಗುರು ನೀಲಿಯಾಗಿತ್ತು.

"ಎಂತ ಸಿಸ್ಟರೇ, ಇವತ್ತ್ ಬಂದದ್ದೇ ಕೈ ಹಿಡ್ಕಂಡ್ರಿ? ಮದಿ ಆತ್ರ್ಯಾ?" ಎಂದು ಜಲಜಕ್ಕ ಮದುವೆಯ ತಮಾಷೆ ಮಾಡಿದರು.

ಡಾಕ್ಟರಿಗೆ ಹೇಳಿದೆ. ಅಮ್ಮ ಹೇಳಿದ್ದೆಂದು ಹೇಳಲಿಲ್ಲ. "ಹನ್ನೆರಡು ದಿನ ಕೆಲಸಕ್ಕೆ ಹೋಗದವರಿಗೆ ಹೊಸ ಸೊನೆ ಬರಲಾರದು ಸರ್, ನಾನು ಯೋಚಿಸಿರಲಿಲ್ಲ" ಎಂದೆ. ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ. ಇಂಜೆಕ್ಷನ್ ನಿಲ್ಲಿಸಿದರು, ರಕ್ತ ಪರೀಕ್ಷೆಗೆ ಕಳಿಸಿದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬಂದ ದಿನ ಇದ್ದದ್ದರ ಮೂರನೆಯ ಒಂದು ಪಾಲಿಗೆ ಇಳಿದಿದ್ದವು. ಕಡಿಮೆಯಾದದ್ದು ರಕ್ತ ಸೋರಿ ಅಲ್ಲ, ಒಳಗೆ ಅವೆಲ್ಲ ಸೇರಿ ಹೊಸ ಹೆಪ್ಪು ಕಟ್ಟುತ್ತಿವೆ ಎಂದು ಡಾಕ್ಟರು ಪ್ರೇಮಳಿಗೆ ವಿವರಿಸಿದರು.

"ಅಂದ್ರೆ, ರಕ್ತ ಗಟ್ಟಿ ಆಪ್ಕಾಗ ಅಂದೇಳಿ ಕೊಟ್ಟ ಮದ್ದೇ ಗಟ್ಟಿ ಮಾಡ್ತಾ ಇತ್ತಾ?" ಎಂದಳು ಪ್ರೇಮ.

"ಹೌದಮ್ಮ. ಎಲ್ಲರಿಗೂ ಆಗೋದಿಲ್ಲ. ನಾನು ಇಷ್ಟು ಜನಕ್ಕೆ ಕೊಟ್ಟಿದ್ದೇನೆ, ಕಣ್ಣಾರೆ ನೋಡ್ತಿರೋದು ಇದೇ ಮೊದಲು."

"ಮತ್ತೆ ನಮ್ಮ್ ಅಮ್ಮಂಗೇ ಎಂತಕೆ ಆಯ್ತ್?"

ನಾನು ಟ್ರೇಯಲ್ಲಿದ್ದ ಸಿರಿಂಜುಗಳನ್ನು ಸಾಲಾಗಿ ಇಟ್ಟೆ. ಅವು ಸಾಲಾಗಿಯೇ ಇದ್ದವು.

ನಿಲ್ಲಿಸಿದರೆ ಮುಗಿಯಲಿಲ್ಲ. ಬೇರೆ ಜಾತಿಯ ಇಂಜೆಕ್ಷನ್ ಬೇಕಿತ್ತು. ಅದು ಕುಂದಾಪುರದಲ್ಲಿ ಇರಲಿಲ್ಲ. ಡಾಕ್ಟರು ಬ್ರಹ್ಮಾವರದ ಆಚೆಯ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದರು, ಅಲ್ಲಿ ಆಗ ದಾಸ್ತಾನಿರಲಿಲ್ಲ. ಮಂಗಳೂರಿನವರು ಬೊಂಬಾಯಿಂದ ತರಿಸಬೇಕು ಎಂದರು.

"ಬೊಂಬಾಯಿಂದಾ?" ಪ್ರೇಮ ಎದ್ದು ನಿಂತಳು. "ಮಾವ ಅಲ್ಲೇ ಇದ್ರಲೆ. ಹೆಸ್ರ್ ಬರ್ದ್ ಕೊಡಿ. ಅವ್ರ್ ಬಸ್ಸಿಗೆ ಹಾಕಿ ಕಳ್ಸತ್ರ್. ನಾಳಿ ಬೆಳಿಗ್ಗಿಗೆ ಇಲ್ಲಿ ಇರತ್ತ್."

ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೊಂಬಾಯಿ ಹೀಗೆಯೇ ಹತ್ತಿರ. ಸೀರೆ, ಮಿಕ್ಸರ್, ಮದುವೆಯ ಉಂಗುರ ಎಲ್ಲವೂ ಡ್ರೈವರ ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ ಬರುತ್ತವೆ. ಮಾವ ಮಧ್ಯಾಹ್ನದೊಳಗೆ ಔಷಧಿ ಹುಡುಕಿ, ಸಂಜೆಯ ಬಸ್ಸಿಗೆ ಕೊಟ್ಟು ಫೋನ್ ಮಾಡಿದರು. ಪ್ರೇಮ ಅಷ್ಟು ಸಂತೋಷದಿಂದ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. "ಅಮ್ಮ, ನಿಂಗೆ ಬೊಂಬಾಯಿ ಮದ್ದ್!" ಎಂದಳು.

"ಹೂಂ, ಒಂದ್ ಸೀರಿಯೂ ಹಾಕಂದ್ ಹೇಳ್," ಎಂದರು ಜಲಜಕ್ಕ.

ಮರುದಿನ ಬೆಳಿಗ್ಗೆ ಬಸ್ಸು ಬರಲಿಲ್ಲ. ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಕಟ್ಟಿದೆ ಎಂದು ಬಸ್ಸಿನ ಆಫೀಸಿನವರು ಹೇಳಿದರಂತೆ. ಪ್ರೇಮ ಗಂಟೆಗೊಮ್ಮೆ ಬಸ್‌ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದಳು. ಪ್ರತಿ ಸಲ ಕೊಡೆಯನ್ನು ಘಟಕದ ಬಾಗಿಲ ಹೊರಗೆ ನಿಲ್ಲಿಸಿ, ಒಳಗೆ ಇಣುಕಿ, ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಅವಳು ಹಾಗೆ ಮಾಡಿದಾಗಲೆಲ್ಲ ಜಲಜಕ್ಕ ನೋಡದಂತೆ ನಾನು ಹಾಸಿಗೆಯ ಆ ಬದಿಗೆ ನಿಲ್ಲುತ್ತಿದ್ದೆ. ಅಷ್ಟು ಮಾತ್ರ ನನ್ನಿಂದ ಆಗುತ್ತಿತ್ತು. ಗುಳ್ಳೆಗಳ ಅಂಚನ್ನು ಪೆನ್ನಿನಿಂದ ಗುರುತು ಹಾಕಿದ್ದೆ, ಹರಡುತ್ತಿದೆಯೇ ತಿಳಿಯಲೆಂದು. ಹತ್ತು ಗಂಟೆಗೆ ಹಾಕಿದ ಗೆರೆಯನ್ನು ಅವು ಹನ್ನೊಂದೂವರೆಗೆ ದಾಟಿದ್ದವು. ಇನ್ನೊಂದು ಗೆರೆ ಹಾಕಿದೆ. ಗೆರೆ ಹಾಕುವುದರಿಂದ ಏನೂ ಆಗುವುದಿಲ್ಲ. ಆದರೂ ಹಾಕುತ್ತಿದ್ದೆ.

"ಹೆಣೆ," ಎಂದರು ಜಲಜಕ್ಕ. ಆವರೆಗೆ ಸಿಸ್ಟರೇ ಎನ್ನುತ್ತಿದ್ದವರು, ಈಗ ಅಮ್ಮ ಕರೆಯುವಂತೆ, ಹುಡುಗಿ ಎಂದರು. "ಈ ಬೆರಳ್ ನಂಗ್ ನಂದ್ ಅಂದೇಳಿ ಗೊತ್ತಾತಿಲ್ಲೆ. ಬೀಜ ಒಡಿಕ್ ಆತ್ತಾ ಇನ್ನ್?"

"ಬೊಂಬಾಯಿ ಮದ್ದು ಬರಲಿ."

"ಆತ್ತ್ ಅಂದೇಳಿ ಹೇಳುಕೆ ಆತಿಲ್ಯಾ ನಿಂಗೆ?"

ನಾನು ಕೊನೆಯ ಗೆರೆಯ ಮೇಲೆ ಇನ್ನೊಮ್ಮೆ ಪೆನ್ನು ಎಳೆದೆ.

ಹನ್ನೆರಡರ ಸುಮಾರಿಗೆ ಉಸಿರು ಮತ್ತೆ ಕಟ್ಟಿತು. ಡಾಕ್ಟರು ಕಾಯುವುದು ಬೇಡ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಆ ಔಷಧಿ ಇಲ್ಲದಿದ್ದರೂ ಉಸಿರಾಟದ ಯಂತ್ರ ಇತ್ತು, ಹೆಚ್ಚು ಜನ ಇದ್ದರು. ಆಂಬುಲೆನ್ಸಿನಲ್ಲಿ ನಾನು ಜೊತೆಗೆ ಹೋದೆ. ಆಮ್ಲಜನಕದ ಸಿಲಿಂಡರ್ ಅಲುಗಾಡದಂತೆ ಕಾಲಿನಿಂದ ಒತ್ತಿ ಹಿಡಿದಿದ್ದೆ. ಮಳೆಯಲ್ಲಿ ಹೆದ್ದಾರಿಯ ಒಂದು ಬದಿ ಮುಳುಗಿತ್ತು. ಲಾರಿಗಳ ಹಿಂದೆ ನಿಂತು ನಿಂತು ಹೋದೆವು. ಬ್ರಹ್ಮಾವರ ದಾಟುವವರೆಗೂ ಪ್ರೇಮ ಒಂದೇ ಸಮನೆ ಹಿಂದಿನ ಗಾಜಿನಿಂದ ಹೊರಗೆ ನೋಡುತ್ತಿದ್ದಳು. ಏನು ನೋಡುತ್ತಿದ್ದಾಳೆಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ನಮ್ಮ ಹಿಂದೆ ಉತ್ತರದಿಂದ ಬರುತ್ತಿದ್ದ ಪ್ರತಿ ದೊಡ್ಡ ಬಸ್ಸಿನ ಬೋರ್ಡು ಓದುತ್ತಿದ್ದಳು.

ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರು ಯುವ ಡಾಕ್ಟರು ಶೀಟು ತಿರುವುತ್ತ ಇಂಗ್ಲಿಷಿನಲ್ಲಿ ಕೇಳಿದರು: ಈ ಗುಳ್ಳೆಗಳು ಯಾವಾಗ ಶುರುವಾದವು? ಇಲ್ಲಿ ಮೊದಲ ದಿನದಿಂದ ಇವೆ ಎಂದಿದೆಯಲ್ಲ.

ಪ್ರೇಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಫ್ಲಾಸ್ಕನ್ನು ಎರಡು ಕೈಯಿಂದ ಹಿಡಿದಿದ್ದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೊದಲ ದಿನದ್ದು ಹಳೆಯ ಕಲೆ. ಗುಳ್ಳೆ ಬಂದದ್ದು ಆರನೆಯ ದಿನ. ಮೊದಲಿನಂತೆ ಎಂದು ಬರೆದದ್ದು ನಾನು, ತಪ್ಪು. ಏಳನೆಯ ದಿನ ಸಂಜೆ ನನಗೆ ಅನುಮಾನ ಬಂತು, ಎಂಟನೆಯ ದಿನ ಬೆಳಿಗ್ಗೆ ತಿಳಿಸಿದೆ. ನಡುವೆ ಎರಡು ಇಂಜೆಕ್ಷನ್. ಎಲ್ಲವನ್ನೂ ಹೇಳಿದೆ, ಏನನ್ನೂ ಬಿಡಲಿಲ್ಲ. ಆ ಡಾಕ್ಟರು ತಲೆಯಾಡಿಸಿ ಬರೆದುಕೊಂಡರು.

"ಎಂತ ಕೇಂಡ್ರ್ ಅವ್ರ್?" ಎಂದಳು ಪ್ರೇಮ.

"ಯಾವಾಗ ಶುರುವಾಯಿತು ಎಂದು ಕೇಳಿದರು."

"ಹೇಳಿದ್ರಿಯಾ?"

"ಹೇಳಿದೆ."

"ನೀವ್ ಇದ್ದದ್ದ್ ಒಳ್ಳೇದಾಯ್ತ್," ಎಂದು ನನ್ನ ಮೊಣಕೈ ಹಿಡಿದಳು.

ಆಂಬುಲೆನ್ಸ್ ಹಿಂದಿರುಗಬೇಕಿತ್ತು, ನಾನೂ ಹಿಂದಿರುಗಿದೆ. ಸಂಜೆ ಐದೂವರೆಗೆ ಆಸ್ಪತ್ರೆಗೆ ಫೋನ್ ಬಂತು. ಡಾಕ್ಟರು ಬಂದು, "ಹೋದರಂತೆ" ಎಂದರು. ಶ್ವಾಸಕೋಶಕ್ಕೆ ಇನ್ನೊಂದು ಹೆಪ್ಪು. ಆಮೇಲೆ, "ತಪ್ಪು ನಿಮ್ಮೊಬ್ಬರದ್ದಲ್ಲ ಸಿಸ್ಟರ್, ನಾನೂ ನೋಡಿದ್ದೆ" ಎಂದರು. ಒಳ್ಳೆಯ ಮಾತು. ನನಗೆ ಅದರಿಂದ ಏನೂ ಹಗುರವಾಗಲಿಲ್ಲ. ಅವರು ನೋಡಿದ್ದರು, ಕೇಳಿದ್ದರು. ಖಂಡಿತಾ ಎಂದದ್ದು ನಾನು.

ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೋದಾಗ ಘಟಕದ ಫೋನು ಹೊಡೆದುಕೊಳ್ಳುತ್ತಿತ್ತು. ಬಸ್ಸಿನ ಆಫೀಸಿನವರು. "ಹ್ವಾಯ್, ಜಲಜ ಅಂದೇಳಿ ಒಂದ್ ಪಾರ್ಸೆಲ್ ಇತ್ತ್, ಅರ್ಜೆಂಟ್ ಅಂತ ಬರ್ದಿದ್ರ್. ಬೇಗ ತಕಂಡ್ ಹೋಯ್ನಿ."

ಡಾಕ್ಟರಿಗೆ ಹೇಳಿ ಅರ್ಧ ದಿನ ರಜೆ ಹಾಕಿ, ಬಸ್‌ಸ್ಟ್ಯಾಂಡಿಗೆ ನಡೆದು ಹೋಗಿ ಪಾರ್ಸೆಲ್ ತೆಗೆದುಕೊಂಡೆ. ಹೋಟೆಲಿನ ಟವೆಲಿನಲ್ಲಿ ಸುತ್ತಿ, ಮರಾಠಿ ಪೇಪರಿನಿಂದ ಮತ್ತೆ ಸುತ್ತಿ, ತುಂಬ ಟೇಪು ಹಚ್ಚಿದ್ದರು. ಅಲ್ಲೇ ಬೈಂದೂರಿನ ಬಸ್ಸು ಹತ್ತಿದೆ.

ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಜಗಲಿಯಲ್ಲಿ ನಾಲ್ಕೈದು ಹೆಂಗಸರು ಕೂತಿದ್ದರು, ಎಲ್ಲರದ್ದೂ ಕಪ್ಪು ಬೆರಳು. "ಆಸ್ಪತ್ರಿ ಸಿಸ್ಟರ್ ಬಂದ್ರ್," ಎಂದು ಒಬ್ಬರು ಒಳಗೆ ಕೂಗಿದರು. ಪ್ರೇಮ ಬಂದಳು. ಪಾರ್ಸೆಲನ್ನು ಕೈಗೆ ತೆಗೆದುಕೊಂಡು, ಮಾವನ ಅಕ್ಷರ ನೋಡಿ, ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ನಾನು ಅವಳ ಪಕ್ಕದಲ್ಲಿ ಕೂತೆ.

"ಪ್ರೇಮ, ನಿನ್ನೆ ಆ ಡಾಕ್ಟ್ರ ಹತ್ರ ಇಂಗ್ಲಿಷಂಗೆ ಹೇಳಿದ್ದ್ ನಿಂಗೆ ಹೇಳ್ಕ್," ಎಂದೆ. ಹೇಳಿದೆ. ಗುಳ್ಳೆ ಕಂಡ ದಿನ, ಬರೆದ ಸಾಲು, ಡಾಕ್ಟರು ಕೇಳಿದ್ದು, ನಾನು ಖಂಡಿತಾ ಎಂದದ್ದು, ಅಮ್ಮ ಬಚ್ಚಲಲ್ಲಿ ಹೇಳಿದ್ದು, ಅಂಗಡಿಯ ಫೋನು, ಬೆಂಕಿಪೊಟ್ಟಣ. ಜಗಲಿಯ ಹೆಂಗಸರೂ ಕೇಳಿಸಿಕೊಂಡರು.

ಪ್ರೇಮ ಕೇಳಿದಳು. "ಆ ಸಂಜಿಗೇ ಫೋನ್ ಮಾಡಿದ್ರೆ ಅಮ್ಮ ಉಳಿತಿದ್ರಾ?"

"ಗೊತ್ತಿಲ್ಲೆ. ಎರಡ್ ಇಂಜೆಕ್ಷನ್ ತಪ್ತಿತ್ತ್. ಅಷ್ಟೇ ಗೊತ್ತಿಪ್ಪುದ್."

ಅವಳು ಎದ್ದು ಒಳಗೆ ಹೋದಳು. ಇನ್ನು ಬರಲಾರಳು ಎಂದುಕೊಂಡು ನಾನೂ ಎದ್ದೆ. ಬಂದಳು. ಕೈಯಲ್ಲಿ ಅವಳು ಹೊಲಿಗೆಯ ಅಳತೆ ಬರೆದುಕೊಳ್ಳುವ ಪುಸ್ತಕ, ಪೆನ್ನು. ಹಿಂದಿನ ಖಾಲಿ ಹಾಳೆ ತೆರೆದು ಕೊಟ್ಟಳು.

"ಈಗ ಹೇಳಿದ್ದ್ ಎಲ್ಲ ಇದ್ರಗೆ ಬರ್ದ್ ಕೊಡಿ. ಮಾವ ನಾಳಿ ಬತ್ರ್. ಅವ್ರ್ ಕೇಂತ್ರ್. ನಂಗ್ ಇಷ್ಟೆಲ್ಲ ಹೇಳುಕೆ ಬತ್ತಿಲ್ಲೆ." ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. "ಕನ್ನಡದಂಗೇ ಬರಿನಿ."

ಮೆಟ್ಟಿಲ ಮೇಲೆ ಕೂತು ಬರೆದೆ. ದಿನ, ಗಂಟೆ, ಯಾವ ತೋಳು. ಒಂದೂವರೆ ಪುಟವಾಯಿತು. ಕೆಳಗೆ ನನ್ನ ಪೂರ್ತಿ ಹೆಸರು, ಅಪ್ಪ ಇಲ್ಲದ್ದರಿಂದ ಅಮ್ಮನ ಹೆಸರು, ಕೋಟೇಶ್ವರದ ಮನೆಯ ವಿಳಾಸ ಬರೆದು ಸಹಿ ಮಾಡಿದೆ. ಪ್ರೇಮ ನಿಂತಲ್ಲೇ ಓದಿದಳು, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು, ನಿಧಾನವಾಗಿ. ಅವಳು ಕೊನೆಯ ಸಾಲು ಮುಟ್ಟುವವರೆಗೆ ನಾನು ಅಂಗಳದಲ್ಲಿ ನಿಂತಿದ್ದೆ.